ಸಿಕ್ಕ ಒಡವೆಗೆ ಇಲ್ಲೇನು ಬೆಲೆ? ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಬಾಡಿಗೆ ಮನೆಯ ಕಾರ್ಪೆಟ್ ಅಂಚಿನಲ್ಲಿ, ಪಾರ್ಕಿನ ಹುಲ್ಲಿನಲ್ಲಿ, ಚಾರಿಟಿ ಅಂಗಡಿಯಿಂದ ತಂದ ಕೋಟಿನ ಜೇಬಿನಲ್ಲಿ. ಇಂಥ ಕಡೆ ಉಂಗುರವೋ ಓಲೆಯೋ ಸಿಕ್ಕಿದವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ವಜ್ರದ ಥರ ಹೊಳೀತಿದೆ, ಮಾರಿದ್ರೆ ಎಷ್ಟು ಬರಬಹುದು?" ಉತ್ತರ ಹೇಳುವ ಮುಂಚೆ ನಾನು ಕೇಳುವುದೂ ಒಂದೇ: ಅದು ನಿಮ್ಮದು ಹೇಗಾಯಿತು? ಈ ದೇಶದಲ್ಲಿ ಒಡವೆಯ ಬೆಲೆಯ ಮಾತು ಅದರ ವಾರಸುದಾರರ ಮಾತು ಮುಗಿಯದೆ ಶುರುವಾಗುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಳವು ಕಾಯ್ದೆ ಇದೆ. ಬಿದ್ದದ್ದನ್ನು ಎತ್ತಿಕೊಂಡರೆ ಅಷ್ಟಕ್ಕೇ ಅದು ಕಳವಲ್ಲ. ಆದರೆ ಒಂದಿಷ್ಟು ಪ್ರಯತ್ನಪಟ್ಟರೆ ಮಾಲೀಕರು ಸಿಕ್ಕಾರು ಎಂದು ಗೊತ್ತಿದ್ದೂ ಸುಮ್ಮನೆ ಇಟ್ಟುಕೊಂಡರೆ ಅದು ಕಳವಾಗುತ್ತದೆ. 2017ರಲ್ಲಿ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಅಂಗಡಿಯ ನೆಲದ ಮೇಲೆ ಬಿದ್ದಿದ್ದ 20 ಪೌಂಡಿನ ಒಂದು ನೋಟನ್ನು ಎತ್ತಿಕೊಂಡ ಯುವತಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ವೀಸಾದ ಮೇಲಿರುವ ನಮ್ಮಂಥವರಿಗೆ ಇದು ಇನ್ನೂ ದೊಡ್ಡ ವಿಷಯ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಶಿಕ್ಷೆಯನ್ನಷ್ಟೇ ಅಲ್ಲ, ಪೊಲೀಸರು ಕೊಟ್ಟ ಎಚ್ಚರಿಕೆಯನ್ನೂ ಬರೆಯಬೇಕು. ಯಾವ ಉಂಗುರವೂ ಅಷ್ಟು ಬಾಳುವುದಿಲ್ಲ. ಸ್ಕಾಟ್ಲೆಂಡ್‌ನಲ್ಲಿದ್ದರೆ ಕಾನೂನು ಇನ್ನೂ ಬಿಗಿ: 1982ರ ಕಾಯ್ದೆಯ ಪ್ರಕಾರ ಸಿಕ್ಕ ವಸ್ತುವನ್ನು ತಡಮಾಡದೆ ಪೊಲೀಸರಿಗೋ ಮಾಲೀಕರಿಗೋ ಆ ಜಾಗ ನೋಡಿಕೊಳ್ಳುವವರಿಗೋ ತಲುಪಿಸಲೇಬೇಕು.

ಎಲ್ಲಿ ಸಿಕ್ಕಿತು ಎನ್ನುವುದೂ ಮುಖ್ಯ. ಬಾಡಿಗೆ ಮನೆಯಲ್ಲಿ ಸಿಕ್ಕಿದ್ದು ಬಹುತೇಕ ಹಿಂದಿನ ಬಾಡಿಗೆದಾರರದು. ಏಜೆಂಟರಿಗೆ ಇಮೇಲ್ ಬರೆಯಿರಿ, ಫೋನಿನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಕೋಟನ್ನು ದುಡ್ಡು ಕೊಟ್ಟು ಕೊಂಡಿರಬಹುದು, ಜೇಬಿನಲ್ಲಿದ್ದ ಉಂಗುರವನ್ನು ನಿಮಗೆ ಯಾರೂ ಮಾರಿಲ್ಲ, ಅಂಗಡಿಗೆ ತಿಳಿಸಿ. ಕೆಲಸದ ಜಾಗದಲ್ಲಿ ಸಿಕ್ಕಿದ್ದನ್ನು ಕೆಲಸ ಕೊಟ್ಟವರಿಗೆ ಒಪ್ಪಿಸಿ. ಲಂಡನ್ನಿನ ಬಸ್ಸು, ಟ್ಯೂಬ್‌ಗಳಲ್ಲಿ ಸಿಕ್ಕರೆ ಸಿಬ್ಬಂದಿಗೆ ಕೊಡಿ, ಅವರ ಕಚೇರಿ ಮೂರು ತಿಂಗಳು ಕಾದಿಡುತ್ತದೆ. ರಸ್ತೆಯಲ್ಲಿ ಸಿಕ್ಕಿದ್ದಕ್ಕೆ ನಿಮ್ಮ ಪ್ರದೇಶದ ಪೊಲೀಸರ ಜಾಲತಾಣ ನೋಡಿ, ಇಲ್ಲವೇ 101ಕ್ಕೆ ಕರೆ ಮಾಡಿ. ಅನೇಕ ಕಡೆ ಪೊಲೀಸರು ಈಗ ಸಿಕ್ಕ ವಸ್ತುಗಳನ್ನು ತಾವೇ ಇಟ್ಟುಕೊಳ್ಳುವುದಿಲ್ಲ. ಹಾಗೆಂದರೂ ಕರೆ ಮಾಡಿದ ದಿನಾಂಕ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೆ ಸಿಕ್ಕವರಿಗೆ ಏನೂ ಹಕ್ಕಿಲ್ಲವೇ? ಇದೆ. 1978ರಲ್ಲಿ ಹೀಥ್ರೂ ವಿಮಾನ ನಿಲ್ದಾಣದ ಲೌಂಜಿನಲ್ಲಿ ಪಾರ್ಕರ್ ಎಂಬ ಪ್ರಯಾಣಿಕರಿಗೆ ಚಿನ್ನದ ಕೈಸರ ಸಿಕ್ಕಿತು. ಅದನ್ನು ಸಿಬ್ಬಂದಿಗೆ ಒಪ್ಪಿಸಿ, ಯಾರೂ ಕೇಳಿಕೊಂಡು ಬಾರದಿದ್ದರೆ ತನಗೆ ಮರಳಿಸಿ ಎಂದು ಹೆಸರು, ವಿಳಾಸ ಕೊಟ್ಟರು. ಯಾರೂ ಬರಲಿಲ್ಲ. ವಿಮಾನ ಸಂಸ್ಥೆ ಅದನ್ನು 850 ಪೌಂಡಿಗೆ ಮಾರಿ ಹಣ ಇಟ್ಟುಕೊಂಡಿತು. ಪಾರ್ಕರ್ ಮೊಕದ್ದಮೆ ಹೂಡಿದರು. 1981ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಪ್ರಾಮಾಣಿಕವಾಗಿ ಒಪ್ಪಿಸಿ, ತನ್ನ ಹೆಸರು ಬರೆಸಿಟ್ಟದ್ದೇ ಅವರಿಗೆ ನೆರವಾಯಿತು. ನೀವೂ ಹಾಗೆಯೇ ಮಾಡಿ, ರಸೀದಿ ಕೇಳಿ ಪಡೆಯಿರಿ.

ಮಾಲೀಕರನ್ನು ಹುಡುಕುವುದು ಕಷ್ಟವೆಂದು ಮೊದಲೇ ಕೈಬಿಡಬೇಡಿ. ನಮ್ಮ ಯುಗಾದಿ, ದೀಪಾವಳಿ ಕಾರ್ಯಕ್ರಮಗಳ ಸಭಾಂಗಣದಲ್ಲಿ ಓಲೆ, ಸರ ಬೀಳುವುದು ಇದ್ದೇ ಇದೆ. ಭಾರತದ ಹೊಸ ಒಡವೆಯಾದರೆ ಒಳಬದಿಯಲ್ಲಿ ಬಿಐಎಸ್ ಗುರುತಿನ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಹಾಲ್‌ಮಾರ್ಕ್ ಮಾಡಿಸಿದ ಆಭರಣ ಅಂಗಡಿಯ ವಿವರ ಬರುತ್ತದೆ. ದಾವಣಗೆರೆಯ ಅಂಗಡಿಯೋ ಜಯನಗರದ ಅಂಗಡಿಯೋ ತಿಳಿದರೆ ಅರ್ಧ ದಾರಿ ನಡೆದಂತೆ. ದೊಡ್ಡ ವಜ್ರದ ಸೊಂಟದಂಚಿನಲ್ಲಿ ಲೇಸರಿನಿಂದ ಕೆತ್ತಿದ, ವಜ್ರ ಪರೀಕ್ಷಿಸುವ ಜಿಐಎ ಸಂಸ್ಥೆಯ ವರದಿ ಸಂಖ್ಯೆ ಇರಬಹುದು, ಭೂತಗನ್ನಡಿಯಲ್ಲಿ ನೋಡಿ. ವಾಟ್ಸಾಪ್ ಗುಂಪುಗಳಲ್ಲಿ ತಿಳಿಸುವಾಗ ಮಾತ್ರ ಪೂರ್ತಿ ಚಿತ್ರ ಹಾಕಬೇಡಿ. "ಒಂದು ಉಂಗುರ ಸಿಕ್ಕಿದೆ" ಎಂದಷ್ಟೇ ಬರೆಯಿರಿ. ಒಳಗೆ ಕೆತ್ತಿದ ಹೆಸರು, ಹರಳಿನ ಬಣ್ಣ ಅವರೇ ಹೇಳಲಿ. ಕಳೆದುಕೊಂಡವರಿಗೆ ಅದು ಅಮ್ಮ ಕೊಟ್ಟ ಓಲೆಯಾಗಿರಬಹುದು. ಇನ್ನೊಂದು ಮಾತು, ಮಾಲೀಕರು ವಿಮೆಯ ಹಣ ಪಡೆದಾಗಿದ್ದರೆ ಒಡವೆಯ ಹಕ್ಕು ವಿಮಾ ಕಂಪನಿಗೆ ಹೋಗಿರುವುದೂ ಉಂಟು.

ಸರಿ, ಎಲ್ಲ ಪ್ರಯತ್ನ ಮುಗಿದು ಒಡವೆ ನಿಮ್ಮಲ್ಲೇ ಉಳಿಯಿತು ಎಂದುಕೊಳ್ಳಿ. ಅಥವಾ ಜನ ಕಾರಿನ ಡಿಕ್ಕಿಯಲ್ಲಿ ಹಳೆ ಸಾಮಾನು ತಂದು ಮಾರುವ ಕಾರ್ ಬೂಟ್ ಸೇಲ್‌ನಲ್ಲಿ ದುಡ್ಡು ಕೊಟ್ಟೇ ಕೊಂಡ ಪೆಟ್ಟಿಗೆಯಲ್ಲಿ ನಿಜವಾದ ಚಿನ್ನ ಕಂಡಿತು. ಈಗ ಬೆಲೆಯ ಮಾತು.

1722ರಲ್ಲಿ ಲಂಡನ್ನಿನಲ್ಲಿ ಚಿಮಣಿ ಗುಡಿಸುವ ಒಬ್ಬ ಹುಡುಗನಿಗೆ ಹರಳಿನ ಒಡವೆಯೊಂದು ಸಿಕ್ಕಿತು. ಏನೆಂದು ತಿಳಿಯಲು ಅಕ್ಕಸಾಲಿಗರ ಅಂಗಡಿಗೆ ಒಯ್ದ. ಅಲ್ಲಿದ್ದ ಕೆಲಸಗಾರ ತೂಗುವ ನೆಪದಲ್ಲಿ ಹರಳುಗಳನ್ನು ಬಿಚ್ಚಿಕೊಂಡ. ಹುಡುಗನಿಗೆ ಒಂದೂವರೆ ಪೆನ್ನಿ ಕೊಡುತ್ತೇವೆಂದರು. ಅವನು ಬೇಡವೆಂದು ಒಡವೆ ವಾಪಸು ಕೇಳಿದಾಗ ಹರಳಿಲ್ಲದ ಬರೀ ಕಟ್ಟು ಕೈಗಿಟ್ಟರು. ನ್ಯಾಯಾಲಯ ಹುಡುಗನ ಪರ ನಿಂತಿತು: ನಿಜವಾದ ಮಾಲೀಕರೊಬ್ಬರನ್ನು ಬಿಟ್ಟು ಬೇರೆ ಯಾರ ಎದುರಿಗೂ ಸಿಕ್ಕವನ ಹಕ್ಕೇ ದೊಡ್ಡದು. ಅಂಗಡಿಯವರು ಹರಳು ತಂದು ತೋರಿಸದಿದ್ದರೆ, ಆ ಕಟ್ಟಿಗೆ ಹೊಂದುವ ಅತ್ಯುತ್ತಮ ಹರಳು ಅದಾಗಿತ್ತೆಂದೇ ಲೆಕ್ಕ ಹಾಕಿ ಪರಿಹಾರ ಕೊಡಬೇಕು ಎಂದಿತು. ಇಲ್ಲಿನ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಮೊಕದ್ದಮೆ ಇದು. ಒಡವೆಯನ್ನು ನಿಮ್ಮ ಕಣ್ಣೆದುರು ತೂಗಿಸಿ. ಒಳಕೋಣೆಗೆ ಒಯ್ಯುತ್ತೇನೆ ಎಂದರೆ ಬೇಡವೆನ್ನಿ. ಅದಕ್ಕೂ ಮುಂಚೆ ಮನೆಯಲ್ಲೇ ಎಲ್ಲ ಬದಿಯಿಂದ ಫೋಟೊ ತೆಗೆದು, ತೂಕ ಬರೆದಿಟ್ಟುಕೊಂಡು ಹೋಗಿ.

ಚಿನ್ನದ ಲೆಕ್ಕ ಸುಲಭ. ನಮ್ಮಲ್ಲಿ ಒಡವೆಯೆಂದರೆ 22 ಕ್ಯಾರೆಟ್, ಅಂದರೆ 916. ಬ್ರಿಟನ್ನಿನಲ್ಲಿ ಹೆಚ್ಚಾಗಿ ಕಾಣುವುದು 9 ಕ್ಯಾರೆಟ್, ಅದರ ಗುರುತು 375. ಅಂದರೆ ನೂರರಲ್ಲಿ 37.5 ಭಾಗ ಮಾತ್ರ ಚಿನ್ನ. 14 ಕ್ಯಾರೆಟ್‌ಗೆ 585, 18ಕ್ಕೆ 750. ಇದರ ಜೊತೆಗೆ ತಯಾರಕರ ಗುರುತು ಮತ್ತು ಪರೀಕ್ಷಿಸಿದ ಕಚೇರಿಯ ಗುರುತು ಇರಬೇಕು: ಲಂಡನ್ನಿನದು ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿನದು ಲಂಗರು, ಶೆಫೀಲ್ಡಿನದು ಗುಲಾಬಿ, ಎಡಿನ್‌ಬರೋದ್ದು ಕೋಟೆ. ಒಂದು ಗ್ರಾಮಿಗಿಂತ ಹಗುರವಾದ ಚಿನ್ನಕ್ಕೆ ಈ ಗುರುತು ಕಡ್ಡಾಯವಲ್ಲ, ಆದ್ದರಿಂದ ಚಿಕ್ಕ ಓಲೆಯಲ್ಲಿ ಕಾಣದಿದ್ದರೆ ನಕಲಿಯೆಂದು ಎಸೆಯಬೇಡಿ. 925 ಎಂದಿದ್ದರೆ ಬೆಳ್ಳಿ, ಹಳದಿಯಾಗಿ ಹೊಳೆದರೂ ಮೇಲೆ ಚಿನ್ನದ ನೀರು ಕೊಟ್ಟದ್ದು. 950 ಎಂದಿದ್ದರೆ ಪ್ಲಾಟಿನಂ ಇರಬಹುದು. ಬೆಳ್ಳಗಿರುವುದೆಲ್ಲ ಬೆಳ್ಳಿಯೆಂದು ಅಗ್ಗಕ್ಕೆ ಕೊಟ್ಟುಬಿಡುವವರಿದ್ದಾರೆ.

ಆ ದಿನದ ಅಪರಂಜಿ ದರವನ್ನು ಇಂಟರ್ನೆಟ್ಟಿನಲ್ಲಿ ನೋಡಿ. ಟ್ರಾಯ್ ಔನ್ಸ್ ಲೆಕ್ಕದಲ್ಲಿ ಕೊಟ್ಟಿದ್ದರೆ 31.1ರಿಂದ ಭಾಗಿಸಿ, ಗ್ರಾಮಿನ ದರ ಬರುತ್ತದೆ. ಲೆಕ್ಕಕ್ಕೆ ಗ್ರಾಮಿಗೆ 100 ಪೌಂಡ್ ಎಂದು ಹಿಡಿಯಿರಿ. 5 ಗ್ರಾಮಿನ 18 ಕ್ಯಾರೆಟ್ ಉಂಗುರದಲ್ಲಿ 375 ಪೌಂಡಿನ ಚಿನ್ನವಿದೆ. ಅಷ್ಟೇ ತೂಕದ 9 ಕ್ಯಾರೆಟ್ಟಿನಲ್ಲಿ 187 ಪೌಂಡ್ ಚಿಲ್ಲರೆ. ಅಂಗಡಿಯವರು ಇದರಲ್ಲಿ ಎಷ್ಟು ಭಾಗ ಕೊಡುತ್ತಾರೆ ಎನ್ನುವುದಷ್ಟೇ ಚೌಕಾಶಿ. ಕರಗಿಸಲು ಕೊಳ್ಳುವ ದೊಡ್ಡ ವ್ಯಾಪಾರಿಗಳು ಹೆಚ್ಚು ಭಾಗ ಕೊಡುತ್ತಾರೆ, ಹೈ ಸ್ಟ್ರೀಟ್‌ನ ಗಿರವಿ ಅಂಗಡಿಗಳು ಸಾಮಾನ್ಯವಾಗಿ ಕಡಿಮೆ. ಮಜೂರಿ, ವೇಸ್ಟೇಜ್ ಎಂದು ಕೊಳ್ಳುವಾಗ ಕೊಟ್ಟ ಹಣ ಯಾವ ಊರಿನಲ್ಲೂ ಹಿಂದೆ ಬರುವುದಿಲ್ಲ. ಹರಳಿನ ತೂಕ ಕಳೆಯುತ್ತಾರೆ, ಅದು ನ್ಯಾಯವೇ. ಆದರೆ ಎಷ್ಟು ಕಳೆದರು ಎಂದು ಕೇಳಿ ತಿಳಿಯಿರಿ.

ಭಾರತದ ಹಾಲ್‌ಮಾರ್ಕ್ ಅನ್ನು ಇಲ್ಲಿನ ಕಾನೂನು ಮಾನ್ಯ ಮಾಡುವುದಿಲ್ಲ. ಹಾಗಾಗಿ ಇಂಗ್ಲಿಷ್ ಅಂಗಡಿಯಲ್ಲಿ ನಮ್ಮ 916 ಒಡವೆಗೆ ಕರಗಿಸುವ ಬೆಲೆ ಮಾತ್ರ. ವೆಂಬ್ಲಿಯ ಈಲಿಂಗ್ ರೋಡ್, ಸೌತ್‌ಹಾಲ್, ಲೆಸ್ಟರಿನ ಬೆಲ್‌ಗ್ರೇವ್ ರೋಡ್‌ಗಳ ಭಾರತೀಯ ಆಭರಣ ಅಂಗಡಿಗಳವರಿಗೆ 22 ಕ್ಯಾರೆಟ್ ಪರಿಚಿತ. ಹಳೆಯದು ಕೊಟ್ಟು ಹೊಸದು ಕೊಳ್ಳುವುದಾದರೆ ಅಲ್ಲಿಗೆ ಹೋಗಿ, ಬರೀ ನಗದು ಬೇಕಿದ್ದರೆ ಎರಡೂ ಕಡೆ ಕೇಳಿ ನೋಡಿ. ಒರೆಗಲ್ಲಿಗೆ ಉಜ್ಜಿಯೋ ಎಕ್ಸ್‌ಆರ್‌ಎಫ್ ಯಂತ್ರದಲ್ಲೋ ಪರೀಕ್ಷಿಸುತ್ತಾರೆ. ಯಂತ್ರ ಮೇಲ್ಮೈಯನ್ನು ಮಾತ್ರ ಓದುವುದರಿಂದ ಅರದಲ್ಲಿ ಸಣ್ಣದಾಗಿ ಗೀರಲು ಕೇಳಬಹುದು, ಗಾಬರಿಯಾಗಬೇಡಿ.

ವಜ್ರದ ಕತೆಯೇ ಬೇರೆ. ಹೊಸಬರಿಗೆ ಹೆಚ್ಚು ನಿರಾಸೆಯಾಗುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಅಂಗಡಿಯ ವಜ್ರದ ಬೆಲೆಯಲ್ಲಿ ಶೇಕಡ 20ರ ವ್ಯಾಟ್ ಇದೆ, ಅಂಗಡಿಯ ಬಾಡಿಗೆ ಇದೆ, ಲಾಭ ಇದೆ. ನೀವು ಮಾರಲು ಹೋದ ಕ್ಷಣ ಇವೆಲ್ಲ ಬಿದ್ದುಹೋಗುತ್ತವೆ. ಕೊಳ್ಳುವ ವ್ಯಾಪಾರಿಗೆ ಅಂಥದೇ ಹರಳು ಸಗಟಿನಲ್ಲಿ, ಸಾಲದ ಮೇಲೆಯೇ ಸಿಗುವಾಗ ನಿಮ್ಮದಕ್ಕೆ ಸಗಟು ಬೆಲೆಯನ್ನೂ ಅವರು ಪೂರ್ತಿ ಕೊಡುವುದಿಲ್ಲ. ಕೊಂಡ ಬೆಲೆಯ ಅರ್ಧ ಬಂದರೆ ಪುಣ್ಯ. ಉಂಗುರದ ಸುತ್ತ ಪೋಣಿಸಿದ ಸಾಸಿವೆ ಕಾಳಿನಂಥ ಹರಳುಗಳಿಗೆ ಬಹಳ ಕಡೆ ಏನೂ ಕೊಡುವುದಿಲ್ಲ. ಹಾಗಿದ್ದರೆ ಹರಳು ಬಿಡಿಸಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ವಿಮೆಗೆಂದು ಮಾಡಿಸಿದ ಮೌಲ್ಯಮಾಪನ ಪತ್ರ ನೋಡಿ ಮೋಸಹೋಗಬೇಡಿ. ಅದರಲ್ಲಿರುವ ನಾಲ್ಕು ಸಾವಿರ ಪೌಂಡ್, ಅಂಥದೇ ಹೊಸದನ್ನು ಅಂಗಡಿಯಲ್ಲಿ ಕೊಳ್ಳಲು ಬೇಕಾಗುವ ಹಣ. ನಿಮ್ಮ ಕೈಗೆ ಬರುವ ಹಣವಲ್ಲ.

ಹರಳು ವಜ್ರವೇ ಎನ್ನುವುದನ್ನು ಮನೆಯಲ್ಲಿ ತೀರ್ಮಾನಿಸಬೇಡಿ. ಶಾಖ ಅಳೆಯುವ ಅಗ್ಗದ ಪೆನ್ನುಗಳು ಮಾಯಿಸನೈಟ್ ಎಂಬ ವಜ್ರದಂಥ ಕೃತಕ ಹರಳನ್ನೂ ವಜ್ರವೆಂದೇ ತೋರಿಸುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಇನ್ನೂ ಕಷ್ಟ. ರಾಸಾಯನಿಕವಾಗಿ ಅದೂ ವಜ್ರವೇ, ಗಣಿಯದ್ದರಿಂದ ಬೇರ್ಪಡಿಸಲು ವಿಶೇಷ ಉಪಕರಣ ಬೇಕು. ಡಿ ಬಿಯರ್ಸ್ ಕಂಪನಿ 2018ರಲ್ಲಿ ಲೈಟ್‌ಬಾಕ್ಸ್ ಹೆಸರಿನಲ್ಲಿ ಇವನ್ನು ಕ್ಯಾರೆಟ್ಟಿಗೆ (ವಜ್ರದಲ್ಲಿ ಇದು ತೂಕದ ಅಳತೆ) 800 ಡಾಲರಿನಂತೆ ಮಾರಲು ಶುರುಮಾಡಿ, ಬೆಲೆ ಕುಸಿಯುತ್ತ ಹೋದಂತೆ 2025ರಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಬೆಳೆಸಿದ ವಜ್ರಕ್ಕೆ ಮರುಮಾರಾಟದ ಬೆಲೆ ಇಲ್ಲವೆಂದೇ ತಿಳಿಯಿರಿ.

ಗಾತ್ರದ ಅಂದಾಜಿಗೆ: ಚೆನ್ನಾಗಿ ಕತ್ತರಿಸಿದ ದುಂಡು ವಜ್ರ 6.5 ಮಿಲಿಮೀಟರ್ ಅಗಲವಿದ್ದರೆ ಸುಮಾರು ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ಅರ್ಧ ಕ್ಯಾರೆಟ್ಟಿಗಿಂತ ದೊಡ್ಡದಾಗಿದ್ದರೆ ಕರಗಿಸುವ ಅಂಗಡಿಗೆ ಕೊಡುವ ಮುಂಚೆ ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿ ವಜ್ರ ಕೊಳ್ಳುವವರಿಗೇ ತೋರಿಸಿ. ಒಂದೇ ಬೀದಿಯಲ್ಲಿ ಸಾಲುಸಾಲು ಅಂಗಡಿಗಳಿವೆ, ಮೂರು ಕಡೆ ಕೇಳದೆ ಮಾರಬೇಡಿ. ಮೊದಲ ಅಂಗಡಿಯವರು "ಈಗಲೇ ಕೊಟ್ಟರೆ ಮಾತ್ರ ಈ ಬೆಲೆ" ಎಂದರೆ ಒಡವೆ ತೆಗೆದುಕೊಂಡು ಎದ್ದುಬನ್ನಿ.

ಹಳೆಯ ಕಾಲದ ಕತ್ತರಿಕೆಯ ವಜ್ರ ಅಷ್ಟು ಮಿಂಚುವುದಿಲ್ಲ. 1980ರ ದಶಕದಲ್ಲಿ ಲಂಡನ್ನಿನ ಪಶ್ಚಿಮ ಭಾಗದ ಒಂದು ಕಾರ್ ಬೂಟ್ ಸೇಲ್‌ನಲ್ಲಿ ಒಬ್ಬಾಕೆ ಹತ್ತು ಪೌಂಡಿಗೆ ಉಂಗುರ ಕೊಂಡು, ಗಾಜಿನದೆಂದು ತಿಳಿದು ವರ್ಷಗಟ್ಟಲೆ ದಿನಾ ಹಾಕಿಕೊಂಡು ತಿರುಗಾಡಿದರು. ಅದು 26 ಕ್ಯಾರೆಟ್ ವಜ್ರ. 2017ರಲ್ಲಿ ಸದಬೀಸ್ ಹರಾಜಿನಲ್ಲಿ 6,56,750 ಪೌಂಡಿಗೆ ಹೋಯಿತು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಹಳೆಯ ಕೆಲಸ, ಹೆಸರಾಂತ ತಯಾರಕರ ಸಹಿ ಕಂಡರೆ ಕರಗಿಸಲು ಕೊಡದೆ ಹರಾಜು ಮನೆಯವರಿಗೆ ತೋರಿಸಿ. ಬಹಳ ಕಡೆ ಮೊದಲ ಅಭಿಪ್ರಾಯ ಉಚಿತ. ಮಾರಾಟವಾದರೆ ಕಮಿಷನ್ ಮತ್ತು ಅದರ ಮೇಲಿನ ವ್ಯಾಟ್ ಎಷ್ಟೆಂದು ಮುಂಚೆಯೇ ಬರೆಸಿಕೊಳ್ಳಿ.

ಮಾರುವಾಗ ಪಾಸ್‌ಪೋರ್ಟ್ ಕೇಳುತ್ತಾರೆ. ಕೇಳದ ಅಂಗಡಿಯನ್ನು ನಂಬಬೇಡಿ. ಎಲ್ಲಿ, ಯಾವಾಗ ಸಿಕ್ಕಿತು, ಯಾರಿಗೆ ತಿಳಿಸಿದಿರಿ ಎನ್ನುವ ಕಾಗದ ಜೊತೆಯಲ್ಲಿರಲಿ. ಮಾರಿದ ಮೇಲೂ ಇಟ್ಟುಕೊಳ್ಳಿ, ಮಾಲೀಕರು ಆಮೇಲೆ ಬಂದರೆ ಹಣ ಹಿಂದಿರುಗಿಸಬೇಕಾಗಬಹುದು. ಒಂದು ಒಡವೆ 6,000 ಪೌಂಡಿಗಿಂತ ಕಡಿಮೆಗೆ ಹೋದರೆ ಕ್ಯಾಪಿಟಲ್ ಗೇನ್ಸ್ ತೆರಿಗೆಯ ಚಿಂತೆಯಿಲ್ಲ.

ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕೆ ಹೋಗುವ ಹವ್ಯಾಸ ಕೆಲವರಿಗೆ ಬರುತ್ತದೆ. ಜಮೀನಿನವರ ಅನುಮತಿ ಬೇಕೇಬೇಕು, ನೆಲದೊಳಗಿಂದ ತೆಗೆದದ್ದರ ಹಕ್ಕು ಅವರದು. 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿಯ ಒಡವೆ ಸಿಕ್ಕರೆ 1996ರ ನಿಧಿ ಕಾಯ್ದೆಯಂತೆ 14 ದಿನಗಳೊಳಗೆ ಕರೋನರ್ ಎಂಬ ವಿಚಾರಣಾಧಿಕಾರಿಗೆ ತಿಳಿಸಬೇಕು. ಥೇಮ್ಸ್ ನದಿ ದಡದಲ್ಲಿ ಹುಡುಕಲು ಲೈಸೆನ್ಸೇ ಬೇಕು.

ಕೊನೆಗೆ, ಸಿಗದ ಉಂಗುರದ ವಿಷಯ. ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ನಿಮ್ಮ ಮುಂದೆಯೇ ಒಬ್ಬರು ಬಗ್ಗಿ ನೆಲದಿಂದ ದಪ್ಪ ಹಳದಿ ಉಂಗುರ ಎತ್ತುತ್ತಾರೆ. "ನಿಮ್ಮದೇ?" ಎನ್ನುತ್ತಾರೆ. ಅಲ್ಲವೆಂದರೆ ಒಳಗಿನ 18 ಕ್ಯಾರೆಟ್ ಗುರುತು ತೋರಿಸಿ, ನಿಮ್ಮ ಕೈಗೇ ಇಟ್ಟು, ಊಟಕ್ಕೆ ಸ್ವಲ್ಪ ಹಣ ಕೇಳುತ್ತಾರೆ. ಮೋಟರ್‌ವೇ ಸರ್ವೀಸಿನಲ್ಲಿ ಪೆಟ್ರೋಲಿಗೆ ಹಣವಿಲ್ಲವೆಂದು ಕೈಯಿಂದ ಉಂಗುರ ಬಿಚ್ಚಿ ಕೊಡುವವರೂ ಇದೇ ಥರದ ಮೋಸಗಾರರು. ಅದು ಹಿತ್ತಾಳೆ, ಗುರುತನ್ನು ಯಾರು ಬೇಕಾದರೂ ಒತ್ತಬಹುದು. ಕೈಗೆ ತೆಗೆದುಕೊಳ್ಳದೆ, ಪರ್ಸ್ ತೆರೆಯದೆ ಮುಂದೆ ನಡೆಯಿರಿ. ಮನೆಗೆ ಬಂದಿರುವ ಅಪ್ಪ-ಅಮ್ಮ ಒಬ್ಬರೇ ಹೊರಗೆ ವಾಕಿಂಗ್ ಹೋಗುವವರಾದರೆ ಅವರಿಗೂ ಇದನ್ನು ಮೊದಲೇ ಹೇಳಿಟ್ಟಿರಿ.