765ರಲ್ಲಿ ಮಾತು ಹುಡುಕಿದ್ದು

2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರು ಬಿಟ್ಟು ಹಾವೇರಿ ಹತ್ತಿರದ ನಮ್ಮ ಊರಿಗೆ ಬಂದೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವನಿಗೆ ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿರಬೇಕು. ಹಾಡು ಸಾಕಾಗಿತ್ತು. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಕೊಡುವ ಹಾಗಿಲ್ಲ. ನಮ್ಮ ಸೀಮೆಯ ಮಳೆ, ಬೆಳೆ, ಸುದ್ದಿ ಬೇಕು ಅಂದರೆ ರೇಡಿಯೋದಲ್ಲಿ ಆಕಾಶವಾಣಿಯೇ ಗತಿ, ಅದೂ ಮೀಡಿಯಂ ವೇವ್‌ನಲ್ಲಿ, ಅಂದರೆ ಎಎಂನಲ್ಲಿ.

ಆನ್‌ಲೈನ್‌ನಲ್ಲಿ ಒಂದು ಡಿಜಿಟಲ್ ರೇಡಿಯೋ ಸೆಟ್ ತರಿಸಿದೆ. ಧಾರವಾಡ ಕೇಂದ್ರ ಸಿಗುವುದು 765 ಕಿಲೋಹರ್ಟ್ಸ್‌ನಲ್ಲಿ ಅನ್ನುವುದು ಚಿಕ್ಕಂದಿನಿಂದ ಬಾಯಿಪಾಠ. ಆದರೆ ಈ ಸೆಟ್ 760 ತೋರಿಸಿ ಸೀದಾ 770ಕ್ಕೆ ಹಾರುತ್ತಿತ್ತು. ಎರಡೂ ಕಡೆ ಕಂಬಳಿ ಹೊದ್ದು ಮಾತಾಡಿದ ಹಾಗೆ ದನಿ. ವಾಪಸ್ ಕಳಿಸಲು ಡಬ್ಬಿಗೆ ಟೇಪ್ ಕೂಡ ಸುತ್ತಿದ್ದೆ. ಆಮೇಲೆ ಗುಟ್ಟು ಗೊತ್ತಾಯಿತು: ಅಮೆರಿಕದಲ್ಲಿ ಎಎಂ ಕೇಂದ್ರಗಳು 10 ಕಿಲೋಹರ್ಟ್ಸ್‌ಗೆ ಒಂದರಂತೆ ಇರುತ್ತವೆ, ನಮ್ಮಲ್ಲಿ 9ಕ್ಕೆ ಒಂದು. ನನ್ನ ಸೆಟ್ ಅಮೆರಿಕದ ಲೆಕ್ಕದಲ್ಲಿತ್ತು, ಅಷ್ಟೇ. ಆಫ್ ಇದ್ದಾಗ ಒಂದು ಗುಂಡಿ ಒತ್ತಿ ಹಿಡಿದರೆ 9ಕ್ಕೆ ಬದಲಾಗುತ್ತದೆ ಎಂದು ಕೈಪಿಡಿಯ ಕೊನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ನಮ್ಮ ಎಎಂ ಕೇಂದ್ರಗಳ ಅಂಕಿಯೆಲ್ಲ 9ರ ಮಗ್ಗಿಯವು: ಬೆಂಗಳೂರು 612, ಭದ್ರಾವತಿ 675, ಮಂಗಳೂರು 1089, ಕಲಬುರಗಿ 1107. ಬೇಕಾದರೆ ಅಂಕಿ ಕೂಡಿಸಿ ನೋಡಿ, 9 ಇಲ್ಲವೇ 18 ಬರುತ್ತದೆ.

ಅಂಕಿ ಸರಿಹೋಯಿತು, ಗೊರಗೊರ ಹೋಗಲಿಲ್ಲ. ದುಂಬಿ ಹಿಂಡು ಮನೆಯೊಳಗೆ ನುಗ್ಗಿದ ಹಾಗೆ. ಎಎಂ ಕಾಲ ಮುಗಿಯಿತು ಬಿಡು ಅಂದುಕೊಂಡೆ. ಒಂದು ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಅದರ ಜೊತೆಗೆ ಗೊರಗೊರವೂ ನಿಂತಿತು! ಧಾರವಾಡ ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟ. ಕರೆಂಟ್ ಬಂದ ಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಹೋದೆ. ಕಳ್ಳರು ಮೂವರು: ಅಗ್ಗದ ಎಲ್‌ಇಡಿ ಬಲ್ಬು, ಫ್ಯಾನಿನ ರೆಗ್ಯುಲೇಟರ್, ಎಲ್ಲಕ್ಕಿಂತ ಜಾಸ್ತಿ ನನ್ನದೇ ಲ್ಯಾಪ್‌ಟಾಪ್ ಚಾರ್ಜರ್.

ಚಾರ್ಜರ್ ಇಲ್ಲದೆ ಕೆಲಸ ಆಗುತ್ತದಾ? ಅದಕ್ಕೆ ಸೆಟ್ ತಿರುಗಿಸುವುದನ್ನು ಕಲಿತೆ. ಎಫ್‌ಎಂಗೆ ಎಳೆಯುವ ಕಡ್ಡಿ ಎಎಂಗೆ ಕೆಲಸಕ್ಕೆ ಬಾರದು. ಎಎಂನ ಆಂಟೆನಾ ಸೆಟ್ ಒಳಗೆ ತಂತಿ ಸುತ್ತಿಕೊಂಡಿರುವ ಕಪ್ಪು ಫೆರೈಟ್ ಕಡ್ಡಿ. ಅದರ ಮಗ್ಗುಲು ಯಾವ ಕಡೆಗಿದೆಯೋ ಆ ಕಡೆಯದು ಚೆನ್ನಾಗಿ ಕೇಳುತ್ತದೆ, ತುದಿ ಯಾವ ಕಡೆಗಿದೆಯೋ ಆ ಕಡೆಯದು ಮಾಯ. ಹಾಗಾಗಿ ಜೋರು ದನಿಗೆ ತಿರುಗಿಸುವ ಬದಲು, ಗದ್ದಲ ಸತ್ತುಹೋಗುವ ತನಕ ಮೆಲ್ಲಗೆ ತಿರುಗಿಸಬೇಕು. ನಮ್ಮ ಮನೆಯಲ್ಲಿ ಆ ಜಾಗ ಅಕ್ಕಿ ಡಬ್ಬಿಯ ಮೇಲೆ, ಕಿಟಕಿಗೆ ಓರೆಯಾಗಿ ಸಿಕ್ಕಿತು. ಅವ್ವ ಡಬ್ಬಿ ತೆರೆದಾಗೆಲ್ಲ ಧಾರವಾಡ ಮಾಯವಾಗುತ್ತಿತ್ತು. ಆಮೇಲೆ ಭದ್ರಾವತಿಗೆಂದು ರಟ್ಟಿನ ಪೆಟ್ಟಿಗೆಗೆ 16 ಸುತ್ತು ತಂತಿ ಸುತ್ತಿ, ಹಳೇ ರೇಡಿಯೋದ ಗ್ಯಾಂಗ್ ಕಂಡೆನ್ಸರ್ (ಕೇಂದ್ರ ಹಿಡಿಯಲು ತಿರುಗಿಸುವ ಭಾಗ) ಜೋಡಿಸಿದೆ. ಸೆಟ್‌ಗೆ ತಂತಿ ಮುಟ್ಟಿಸುವುದೂ ಬೇಡ, ಪಕ್ಕದಲ್ಲಿಟ್ಟು ಕಂಡೆನ್ಸರ್ ತಿರುಗಿಸಿದರೆ ದನಿ ದಪ್ಪಗಾಗಿ ಎದ್ದು ಬರುತ್ತದೆ.

ಇದನ್ನೆಲ್ಲ ಹಗಲಲ್ಲೇ ಮಾಡಿ. ಹೊತ್ತು ಮುಳುಗಿದ ಮೇಲೆ ದೂರದ ಅಲೆಗಳು ಆಕಾಶಕ್ಕೆ ಬಡಿದು ವಾಪಸ್ ಬರುತ್ತವೆ. ಚೆನ್ನೈ 720, ಹೈದರಾಬಾದ್ 738 ಬಂದು ಕೂರುತ್ತವೆ. ಬೆಂಗಳೂರು ಉಯ್ಯಾಲೆ ಆಡಿದ ಹಾಗೆ ಏರಿ ಇಳಿಯುತ್ತದೆ. ಖುಷಿಯೇನೋ ಹೌದು, ಆದರೆ ಊರ ಮಾತು ಹುಡುಕಲು ಅದು ಹೊತ್ತಲ್ಲ.

ಕೇಂದ್ರ ಸಿಕ್ಕರೆ ಮಾತು ಸಿಕ್ಕಿತು ಅಂತಲೂ ಅಲ್ಲ. ಮೊದಲ ವಾರ ಸುಮ್ನೆ ಹಾಕಿಟ್ಟು, ಹಳೇ ಲೆಕ್ಕದ ಪುಸ್ತಕದಲ್ಲಿ ಏನು ಯಾವಾಗ ಬಂತು ಎಂದು ಗೀಚಿದೆ. ಆ್ಯಪ್‌ನಲ್ಲೂ ಆಕಾಶವಾಣಿ ಸಿಗುತ್ತದೆ, ಅಲ್ವಾ ಅನ್ನಬಹುದು. ನಮ್ಮೂರ ನೆಟ್‌ವರ್ಕ್ ನಂಬಿ ಕೂತರೆ ಒಂದು ವಾಕ್ಯ ಇವತ್ತು, ಇನ್ನೊಂದು ನಾಳೆ. ಪುಸ್ತಕದಲ್ಲಿ ಬೆಳಗಿನ ಚಿಂತನಕ್ಕೆ ಅಡ್ಡಗೆರೆ ಹಾಕಿದೆ, ಉಪದೇಶ ನನಗೆ ಒಗ್ಗುವುದಿಲ್ಲ. ಪ್ರದೇಶ ಸಮಾಚಾರಕ್ಕೆ ಒಂದು ಟಿಕ್. ಬರೆದು ತಂದು ಓದುವ ಭಾಷಣಗಳಲ್ಲಿ ಹತ್ತಕ್ಕೆ ಎಂಟು ನಿದ್ದೆ ತರಿಸುವಂಥವು. ಮೂರು ಟಿಕ್ ಬಿದ್ದಿದ್ದು ಸಂಜೆ ರೈತರು ಫೋನ್ ಮಾಡುವ ಕಾರ್ಯಕ್ರಮಕ್ಕೆ.

ಅಲ್ಲಿ ಯಾರೂ ಪುಸ್ತಕದ ಕನ್ನಡ ಮಾತಾಡುವುದಿಲ್ಲ. ಒಬ್ಬ ರೈತ, "ಮೆಣಸಿನಗಿಡದ ಎಲಿ ಮುಟುರಾಕತ್ತಾವ್ರೀ, ಏನ್ ಹೊಡೀಬೇಕು?" ಅಂದ. ತಜ್ಞರು ಔಷಧಿ ಹೆಸರು ಹೇಳಲಿಲ್ಲ. "ಮೇಲಕ್ಕ ಮುದುಡ್ಯಾವೋ, ಕೆಳಕ್ಕೋ?" ಎಂದು ಕೇಳಿದರು. ಮೇಲಕ್ಕೆ ದೋಣಿಯ ಹಾಗಾದರೆ ಥ್ರಿಪ್ಸ್ ಎಂಬ ಸಣ್ಣ ಹುಳ, ಕೆಳಕ್ಕಾದರೆ ಮೈಟ್ ನುಸಿ, ಎರಡಕ್ಕೂ ಔಷಧಿ ಬೇರೆ. ಆ ಕಡೆ ಒಂದು ಗಳಿಗೆ ಮೌನ. ಅವನು ನೋಡಿಯೇ ಇರಲಿಲ್ಲ.

ಕಟ್ಟೆ ಮೇಲೆ ಕೂತು ಕೇಳುತ್ತಿದ್ದ ಪಕ್ಕದ ಮನೆ ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರದೂ ಎರಡು ಎಕರೆ ಬ್ಯಾಡಗಿ ಮೆಣಸಿನಕಾಯಿ. ಟಾರ್ಚ್ ಹಿಡಿದು ಹೊಲಕ್ಕೆ ಹೋದವರು ಅರ್ಧ ಗಂಟೆ ಬಿಟ್ಟು ಬಂದು, ಕಿಟಕಿಯಿಂದಲೇ ಒಂದು ಎಲೆ ಚಾಚಿದರು. "ಕೆಳಕ್ಕ," ಅಂದರು.