ಮಳೆಗಾಲದಲ್ಲಿ ಕಾಗದದ ಬುಟ್ಟಿ

ಧಾರವಾಡದಲ್ಲಿ ಅಜ್ಜಿ ಹಳೇ ಪೇಪರ್ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿ ಮಾಡುತ್ತಿದ್ದರು. ಜುಲೈನಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನೂ ಮಾಡಿದೆ. ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯಿತು. ತುಂಬಾ ಬೇಜಾರಾಯಿತು.

ಅಜ್ಜಿಯ ಹಾಗೆ ದಪ್ಪ ಮೆತ್ತಿದ್ದೇ ತಪ್ಪಾಗಿತ್ತು. ಅಲ್ಲಿಯ ಬಿಸಿಲು ಇಲ್ಲಿಯ ಮಳೆಯಲ್ಲಿ ಎಲ್ಲಿ ಸಿಗಬೇಕು? ಮೇಲೆ ಒಣಗಿದರೂ ಒಳಗೆ ಹಸಿ ಉಳಿದಿತ್ತು.

ಈ ಸಲ ನೆನೆದ ಪೇಪರನ್ನು ಪಂಚೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿದೆ. ಆಮೇಲೆ ರುಬ್ಬಿದ ಮೆಂತ್ಯ ಕಲಸಿದೆ. ಬೋಗುಣಿ ಬೋರಲು ಹಾಕಿ, ಎಣ್ಣೆ ಸವರಿ, ರೊಟ್ಟಿಯಷ್ಟು ತೆಳ್ಳಗೆ ಮೆತ್ತಿದೆ. ಫ್ಯಾನಿನ ಕೆಳಗೆ ಪೂರಾ ಒಣಗಿದ ಮೇಲೇ ಎರಡನೇ ಪದರ. ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ ಅಂತಲೇ.

ಅಂಚಿಗೆ ಅಜ್ಜಿಯ ಇಳಕಲ್ ಸೀರೆಯ ಕಸೂತಿ ತೇರು ಬರೆದೆ. ಈಗ ಅದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದೇನೆ.