ಪೆನ್‌ಡ್ರೈವ್ ಬಸ್ಸಿಗೆ ಹಾಕದೆ ಪುಸ್ತಕವನ್ನು ಅಚ್ಚಿಗೆ ಕಳುಹಿಸಿದ ನನ್ನ ಅನುಭವ

ಲೇಖಕರ ಪುಸ್ತಕಗಳಿಗೆ ಪುಟ ಜೋಡಿಸಿಕೊಡುವುದು ನನ್ನ ಕೆಲಸ. ಕಳೆದ ತಿಂಗಳು 288 ಪುಟಗಳ, ಸುಮಾರು 40 ಚಿತ್ರಗಳಿರುವ ಪುಸ್ತಕವೊಂದನ್ನು ಶಿರಸಿಯಲ್ಲಿ ಕುಳಿತೇ ಬೆಂಗಳೂರಿನ ಮುದ್ರಣಾಲಯಕ್ಕೆ ತಲುಪಿಸಿದೆ. ಹದಿನೆಂಟು ಫಾರಂಗಳಲ್ಲಿ (ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಗಳ ಕಂತು ಒಂದು ಫಾರಂ) ಒಂದರಲ್ಲೂ ತಪ್ಪಿಲ್ಲದೆ ಅಚ್ಚಾಗಿ ಬಂದಿತು. ಇದೇನು ಮಹಾ ಎಂದು ಕೆಲವರಿಗೆ ಅನಿಸಬಹುದು. ಆದರೆ "ದೊಡ್ಡ ಫೈಲ್ ಮೇಲ್‌ನಲ್ಲಿ ಸರಿಯಾಗಿ ಬರುವುದಿಲ್ಲ ಸಾರ್, ಪೆನ್‌ಡ್ರೈವ್ ರಾತ್ರಿ ಬಸ್ಸಿಗೆ ಹಾಕಿಬಿಡಿ" ಎಂದು ಆರೇಳು ವರ್ಷ ಹೇಳುತ್ತ ಬಂದವರು ಅದೇ ಮುದ್ರಣಾಲಯದವರು. ಅವರ ಮಾತು ನಂಬಿ ಪ್ರತಿ ಪುಸ್ತಕಕ್ಕೂ ಎರಡು ಬಾರಿಯಾದರೂ ನಾನೇ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ಬಸ್ಸು, ಊಟ, ತಪ್ಪಿದ ಒಂದು ದಿನದ ಕೆಲಸ ಸೇರಿದರೆ ಪ್ರತಿ ಸಲ ಹತ್ತಿರಹತ್ತಿರ ಎರಡು ಸಾವಿರ ರೂಪಾಯಿ ಕೈಬಿಟ್ಟು ಹೋಗುತ್ತಿತ್ತು.

ಮೊದಲ ಸೋಲು ಅಟ್ಯಾಚ್‌ಮೆಂಟಿನದು. ಜಿಮೇಲ್‌ನಲ್ಲಿ 25 ಎಂಬಿಯವರೆಗೆ ಲಗತ್ತಿಸಬಹುದೆಂಬುದು ನಮಗೆಲ್ಲ ಗೊತ್ತು. ನಾನು ಕಳುಹಿಸಿದ್ದು 17 ಎಂಬಿ, ಮುದ್ರಣಾಲಯದ ಸ್ವಂತ ಮೇಲ್ ಪೆಟ್ಟಿಗೆಯ ಮಿತಿ 20 ಎಂಬಿ. ಆದರೂ ಮೇಲ್ ತಿರುಗಿ ಬಂದಿತು. ಮೇಲ್‌ನಲ್ಲಿ ಹೋಗುವ ಫೈಲ್ ದಾರಿಯಲ್ಲಿ ಅಕ್ಷರರೂಪಕ್ಕೆ ಬದಲಾಗುತ್ತದೆ, ಮೂರು ಬೈಟ್ ಇದ್ದುದು ನಾಲ್ಕಾಗುತ್ತದೆ, ಹಾಗಾಗಿ ನನ್ನ 17 ಎಂಬಿ ಅಲ್ಲಿ ತಲುಪುವಾಗ 23ರ ಆಸುಪಾಸಿಗೆ ಬೆಳೆದಿತ್ತೆಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಅಂದಿನಿಂದ ಯಾರ ಮಿತಿ ಎಷ್ಟೇ ಇರಲಿ, ಅದರಲ್ಲಿ ನಾಲ್ಕನೆಯ ಒಂದು ಪಾಲನ್ನು ಕಳೆದೇ ಲೆಕ್ಕ ಹಾಕುತ್ತೇನೆ.

ಆ ಸಿಟ್ಟಿನಲ್ಲಿಯೇ ಒಂದು ಪ್ರಯೋಗ ಮಾಡಿದೆ. ಸುಮಾರು 180 ಎಂಬಿಯ ಪುಸ್ತಕವನ್ನು ಫೈಲು ತುಂಡರಿಸಬಲ್ಲ ತಂತ್ರಾಂಶವಾದ ಸೆವೆನ್‌ಜಿಪ್‌ನಿಂದ ಹದಿಮೂರೋ ಹದಿನಾಲ್ಕೋ ತುಂಡು ಮಾಡಿ, ತುಂಡಿಗೊಂದು ಮೇಲ್‌ನಂತೆ ಕಳುಹಿಸಿದೆ. ಆರನೆಯ ತುಂಡು ಅವರ ಸ್ಪ್ಯಾಮ್ ಪೆಟ್ಟಿಗೆ ಸೇರಿತು, ಉಳಿದವನ್ನು ಜೋಡಿಸುವುದು ಹೇಗೆಂದು ಅಲ್ಲಿಯ ಹುಡುಗನಿಗೆ ತಿಳಿಯಲಿಲ್ಲ, ಕೊನೆಗೆ ಪೆನ್‌ಡ್ರೈವೇ ಬಸ್ಸು ಹತ್ತಿತು. ಆ ಪ್ರಯೋಗವನ್ನು ಯಾರಿಗೂ ಹೇಳಿಕೊಡಲಾರೆ.

ಫಾಂಟಿನ ವಿಷಯದಲ್ಲಿ ಆದ ಅವಮಾನ ಇನ್ನೂ ದೊಡ್ಡದು. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಫೈಲನ್ನೇ ನೇರವಾಗಿ ಕಳುಹಿಸಿದ್ದೆ. ಅವರ ಗಣಕದಲ್ಲಿ ನಾನು ಬಳಸಿದ ನುಡಿ ಫಾಂಟ್ ಇರಲಿಲ್ಲವಾದ್ದರಿಂದ 'ಕನ್ನಡ' ಎಂಬ ಪದದ 'ನ' ಪೌಂಡ್ ಚಿಹ್ನೆಯಾಗಿ, ಉಳಿದದ್ದು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸಿತು. ಫೋನಿನಲ್ಲಿ ಅವರು ನಕ್ಕ ನಗು ಈಗಲೂ ನೆನಪಿದೆ. ಈಗ ನನ್ನಿಂದ ಹೊರಹೋಗುವುದು ಪಿಡಿಎಫ್ ಮಾತ್ರ, ಅದೂ ಪ್ರಾಪರ್ಟೀಸ್‌ನಲ್ಲಿರುವ ಫಾಂಟ್ ಪಟ್ಟಿಯ ಪ್ರತಿ ಸಾಲಿನಲ್ಲೂ 'ಎಂಬೆಡೆಡ್' (ಫಾಂಟು ಫೈಲಿನೊಳಗೇ ಸೇರಿದೆ) ಎಂದಿರುವುದನ್ನು ಬೆರಳಿಟ್ಟು ನೋಡಿದ ಮೇಲೆ.

ಆಮೇಲೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳುಹಿಸಲು ಹೊರಟೆ. ಮೊದಲ ಲಿಂಕ್ ತೆರೆಯಲು ಅವರು ರಾತ್ರಿ ಹನ್ನೊಂದಕ್ಕೆ ಅನುಮತಿ ಕೋರಿದ್ದರು, ನಾನು ನಿದ್ದೆಯಲ್ಲಿದ್ದೆ, ಮರುದಿನ ಮಧ್ಯಾಹ್ನದವರೆಗೆ ಯಂತ್ರ ಖಾಲಿ ನಿಂತಿತೆಂದು ಬೈಗುಳ ತಿಂದೆ. ಎರಡನೆಯ ಸಲ ಉದಾರವಾಗಿ ಎಡಿಟರ್ (ತಿದ್ದುವ) ಅನುಮತಿ ಕೊಟ್ಟೆ; ಯಾರೋ ಫೋಲ್ಡರಿನಿಂದ ಮುಖಪುಟವನ್ನೇ ತೆಗೆದುಹಾಕಿದರು. ಈಗ ಲಿಂಕ್ ಇರುವವರಿಗೆ ನೋಡುವ ಅನುಮತಿಯನ್ನಷ್ಟೇ ಕೊಟ್ಟು, ಲಾಗಿನ್ ಆಗದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನಾನೇ ತೆರೆದು ನೋಡಿದ ನಂತರ ಕಳುಹಿಸುತ್ತೇನೆ. ಅಚ್ಚು ಮುಗಿದ ದಿನವೇ ಅನುಮತಿ ಹಿಂಪಡೆಯುತ್ತೇನೆ, ಏಕೆಂದರೆ ಲಿಂಕ್ ಕೈಗೆ ಸಿಕ್ಕವರಿಗೆಲ್ಲ ಲೇಖಕರ ಇಡೀ ಪುಸ್ತಕ ಪುಕ್ಕಟೆ ಸಿಗುತ್ತದೆ.

ನಿಜವಾಗಿ ಜೇಬು ಕತ್ತರಿಸಿದ್ದು ಹಳೆಯ ಪ್ರತಿ. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಕರೆಕ್ಷನ್' ಎಂಬ ಮೂರು ಫೈಲುಗಳಿದ್ದ ಫೋಲ್ಡರಿನಿಂದ ಅವರು ನಡುವಿನದನ್ನು ಇಳಿಸಿಕೊಂಡು ಸಾವಿರ ಪ್ರತಿಗಳಿಗೆ ಎರಡು ಫಾರಂ ಓಡಿಸಿಬಿಟ್ಟರು. ಅಚ್ಚಿನ ಪ್ಲೇಟು, ಕಾಗದ, ಯಂತ್ರದ ಕೂಲಿ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು, ಅರ್ಧ ನನ್ನ ತಲೆಗೆ ಬಂದಿತು. ಈಗ ಒಂದು ಪುಸ್ತಕಕ್ಕೆ ಒಂದೇ ಫೈಲ್, ಒಂದೇ ಲಿಂಕ್. ತಿದ್ದುಪಡಿಯಾದರೆ ಡ್ರೈವ್‌ನ 'ಮ್ಯಾನೇಜ್ ವರ್ಷನ್ಸ್'ನಲ್ಲಿ ಅದರ ಮೇಲೆಯೇ ಹೊಸದನ್ನು ಏರಿಸುತ್ತೇನೆ, ಲಿಂಕ್ ಬದಲಾಗುವುದಿಲ್ಲ. ಆದರೂ ಅವರು ನಿನ್ನೆ ಇಳಿಸಿಕೊಂಡದ್ದನ್ನೇ ಇಂದು ಬಳಸಬಹುದಲ್ಲ? ಅದಕ್ಕೆ ವಿಂಡೋಸ್‌ನಲ್ಲಿಯೇ ಇರುವ ಸರ್ಟ್‌ಯುಟಿಲ್ ಆದೇಶದಿಂದ ಫೈಲಿನ ಬೆರಳಚ್ಚಿನಂತಿರುವ ಎಂಡಿ-5 ಸಂಖ್ಯೆ ತೆಗೆಯುತ್ತೇನೆ. 32 ಅಕ್ಷರಗಳಲ್ಲಿ ಕೊನೆಯ ಆರನ್ನು ಪ್ಲೇಟ್ ಹಾಕುವ ಮುನ್ನ ಅವರು ಫೋನಿನಲ್ಲಿ ಓದಬೇಕು, ನಾನು ಹೌದೆನ್ನಬೇಕು. ಒಂದು ಅಲ್ಪವಿರಾಮ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. "ಇದೇನು ಸಾರ್, ಮಂತ್ರವೇ?" ಎಂದು ಮೊದಲು ಗೊಣಗಿದ ಹುಡುಗ ಈಗ ಬೇರೆಯವರ ಕೆಲಸಕ್ಕೂ ಅದನ್ನು ಕೇಳುತ್ತಾನಂತೆ.

ಏರಿಸುವ ವೇಗ ಇಳಿಸುವ ವೇಗಕ್ಕಿಂತ ಕಡಿಮೆಯೆಂಬುದನ್ನು ಹಳೆಯ ತಂತಿ ಬ್ರಾಡ್‌ಬ್ಯಾಂಡ್ ಕಾಲದಲ್ಲಿ ಅನುಭವಿಸಿದ್ದೇನೆ: 180 ಎಂಬಿಗೆ ಮುಕ್ಕಾಲು ಗಂಟೆ, ನಲವತ್ತನೆಯ ನಿಮಿಷಕ್ಕೆ ಕರೆಂಟು ಹೋಗುವುದು. ಫೈಬರ್ ಬಂದ ಮೇಲೆ ಆ ಕಾಟ ತಪ್ಪಿದೆ. ಅಷ್ಟರಲ್ಲಿ ಚಿತ್ರಗಳು ಚುಕ್ಕೆಚುಕ್ಕೆಯಾಗಿ ಒಡೆಯದಂತೆ ಅದೇ ಪುಸ್ತಕವನ್ನು 60 ಎಂಬಿಗೆ ಇಳಿಸುವುದನ್ನೂ ಕಲಿತಿದ್ದೆ. ಆ ಸೆಟ್ಟಿಂಗ್ ಹನ್ನೆರಡು ಪುಸ್ತಕಗಳ ಗಳಿಕೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಗೂಗಲ್‌ನಿಂದ ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಮೇಲ್ ಮತ್ತು ಫೋಟೋಗಳಿಗೂ ಪಾಲಿದೆ. ಅದು ತುಂಬಿದ ವಾರ ಗಿರಾಕಿಗಳ ಮೇಲ್‌ಗಳು ನನಗೆ ಬರುವುದೇ ನಿಂತಿತ್ತು. ಆಗ ತಿಂಗಳಿಗೆ 130 ರೂಪಾಯಿ ಕೊಟ್ಟು 100 ಜಿಬಿ ಪಡೆದೆ. ಬಸ್ಸಿನ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಇನ್ನೂ ಬಗೆಹರಿಯದಿರುವುದು ಲೇಖಕರ ಕಡೆಯದು. ಬೆನ್ನುಪುಟದ ಭಾವಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದು ಲಗತ್ತಿಸಿ ಎಂದು ಎಷ್ಟು ಹೇಳಿದರೂ ಅವರು ಫೋಟೋವನ್ನಾಗಿಯೇ ಕಳುಹಿಸುತ್ತಾರೆ. ಐದಾರು ಎಂಬಿಯ ಮುಖ ನೂರಿನ್ನೂರು ಕೆಬಿಯಾಗಿ ನನ್ನ ಕೈ ಸೇರುತ್ತದೆ. ಮೊನ್ನೆಯ ಪುಸ್ತಕದ ಭಾವಚಿತ್ರವನ್ನು ತರಲು ಮಾತ್ರ ನಾನು ಸಿದ್ದಾಪುರದವರೆಗೆ ಬೈಕಿನಲ್ಲಿ ಹೋಗಬೇಕಾಯಿತು, ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು.